ದಡದ ಪಕ್ಕದ ಹತ್ತಡಿ

ಬೆಟ್ಟದ ಮೇಲಿನ ಕೆರೆಗಳಲ್ಲಿ ಟ್ರೌಟ್ ಎಂಬ ತಣ್ಣೀರಿನ ಮೀನು ಹಿಡಿಯಲು ಬರುವ ಹೊಸಬರನ್ನು ದೂರದಿಂದಲೇ ಗುರುತು ಹಿಡಿಯಬಹುದು. ಚೀಲ ಇಳಿಸಿದ್ದೇ ತಡ, ಸೀದಾ ನೀರಿನ ಅಂಚಿಗೆ ಬರುತ್ತಾರೆ. ಅಲ್ಲಿರುವುದರಲ್ಲೇ ಎತ್ತರದ ಬಂಡೆ ಹತ್ತಿ ನಿಲ್ಲುತ್ತಾರೆ. ತೋಳಿನ ಬಲವನ್ನೆಲ್ಲ ಹಾಕಿ ಕೆರೆಯ ನಡುವಿನ ಕಡುನೀಲಿಗೆ ಗಾಳ ಎಸೆಯುತ್ತಾರೆ. ದೋಣಿ ಇದ್ದಿದ್ದರೆ ಇನ್ನೂ ಒಳಗೆ ಹೋಗಬಹುದಿತ್ತು ಎಂಬ ಕೊರಗು ಮುಖದಲ್ಲೇ ಕಾಣುತ್ತದೆ. ಅವರ ಕಾಲಬುಡದಲ್ಲೇ ಸುತ್ತುತ್ತಿದ್ದ ಮೀನು ಅಷ್ಟು ಹೊತ್ತಿಗೆ ನೆರಳು ಕಂಡು ಆಳಕ್ಕೆ ಇಳಿದಿರುತ್ತದೆ.

ನನ್ನ ಮಟ್ಟಿಗೆ ಆ ಕೆರೆಗಳಲ್ಲಿ ಲೆಕ್ಕಕ್ಕೆ ಬರುವುದು ದಡದಿಂದ ಹತ್ತು ಹದಿನೈದು ಅಡಿ ನೀರು ಅಷ್ಟೇ. ಉಳಿದದ್ದು ನೋಡೋದಕ್ಕೆ ಚೆಂದ. ಮೀನಿನ ಊಟ ಅಂಚಿನಲ್ಲಿದೆ, ಹಾಗಾಗಿ ಮೀನೂ ಅಲ್ಲೇ ಇದೆ. ಆ ಮೀನು ಬರುವುದಕ್ಕೆ ಮುಂಚೆ ಅಲ್ಲಿ ಯಾರಿದ್ದರು ಎಂಬ ಕಥೆ ನಡೆದದ್ದೂ ಅದೇ ಹತ್ತಡಿಯಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಸಾಲಿನ ಬಗ್ಗೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಕೆಲಸ ಮಾಡುವ ನಮ್ಮಂಥ ಕನ್ನಡದವರಿಗೆಲ್ಲ ಅಲ್ಲಿಯ ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಗೊತ್ತು. ಊರಿಂದ ಅಪ್ಪ ಅಮ್ಮ ಬಂದರೆ ಮೊದಲು ಕರೆದುಕೊಂಡು ಹೋಗುವ ಜಾಗ ಅದೇ. ಜಲಪಾತ ತೋರಿಸಿ, ಫೋಟೋ ತೆಗೆದು, ಪುಳಿಯೋಗರೆ ತಿಂದು ವಾಪಸ್. ಅಲ್ಲಿಂದ ಮುಂದೆ ಟಿಯೋಗಾ ಪಾಸ್ ಎಂಬ ಬೆಟ್ಟದ ಕಣಿವೆದಾರಿ ದಾಟಿ ಬೆಟ್ಟದ ಪೂರ್ವದ ಮಗ್ಗುಲಿಗೆ ಇಳಿಯುವವರು ಕಡಿಮೆ. ಪಾಸ್‌ನ ಎತ್ತರ 3,031 ಮೀಟರ್. ಚಳಿಗಾಲ ಪೂರ್ತಿ ಹಿಮ ಬಿದ್ದು ಮುಚ್ಚಿರುತ್ತದೆ. ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ ತೆರೆಯುತ್ತದೆ. ಇಳಿದರೆ 395ನೇ ಹೆದ್ದಾರಿ. ಎಡಕ್ಕೆ ಒಣ ಬಯಲು, ಬಲಕ್ಕೆ ಒಂದೇ ಸಲಕ್ಕೆ ಕಡಿದಾಗಿ ಎದ್ದ ಬೆಟ್ಟ. ದಕ್ಷಿಣಕ್ಕೆ ಹೋಗಿ ಟಾಮ್ಸ್ ಪ್ಲೇಸ್ ಎಂಬಲ್ಲಿ ಬಲಕ್ಕೆ ತಿರುಗಿದರೆ ರಾಕ್ ಕ್ರೀಕ್ ರಸ್ತೆ. ಅದು ಏರುತ್ತಾ ಏರುತ್ತಾ ಮಸ್ಕೀಟೋ ಫ್ಲ್ಯಾಟ್‌ನಲ್ಲಿ ಮುಗಿಯುತ್ತದೆ. ಸೊಳ್ಳೆಯ ಹೆಸರನ್ನು ಸುಮ್ನೆ ಇಟ್ಟಿಲ್ಲ. ಜುಲೈನಲ್ಲಿ ಹೋದವರನ್ನು ಕೇಳಿ.

ಕಾರು ನಿಲ್ಲಿಸುವ ಆ ಜಾಗವೇ ಸುಮಾರು 3,100 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರಕ್ಕಿಂತ ಇಲ್ಲಿನ ಪಾರ್ಕಿಂಗ್ ಜಾಗ ಒಂದು ಕಿಲೋಮೀಟರಿಗೂ ಜಾಸ್ತಿ ಮೇಲಿದೆ. ಶೂ ಲೇಸ್ ಕಟ್ಟಲು ಬಗ್ಗಿ ಎದ್ದರೂ ಏದುಸಿರು ಬರುತ್ತದೆ. ಅಲ್ಲಿಂದ ಮೇಲಕ್ಕೆ ಲಿಟಲ್ ಲೇಕ್ಸ್ ವ್ಯಾಲಿ. ಮಾರ್ಗನ್ ಪಾಸ್ ಆಚೆಯ ಪೈನ್ ಕ್ರೀಕ್ ಟಂಗ್‌ಸ್ಟನ್ ಗಣಿಗೆ ಹೋಗುತ್ತಿದ್ದ ಹಳೇ ರಸ್ತೆಯೇ ಈಗ ಕಾಲುದಾರಿಯಾಗಿದೆ. ಅದಕ್ಕೇ ಏರು ಅಷ್ಟೇನೂ ಕಷ್ಟವಿಲ್ಲ. ಮ್ಯಾಕ್, ಮಾರ್ಶ್, ಹಾರ್ಟ್, ಬಾಕ್ಸ್, ಲಾಂಗ್, ಚಿಕನ್‌ಫುಟ್, ಜೆಮ್ ಅಂತ ಕೆರೆಗಳು ಒಂದಾದ ಮೇಲೊಂದು ಸಿಗುತ್ತವೆ. ಕಣಿವೆಯ ತಲೆಯಲ್ಲಿ ಬೇರ್ ಕ್ರೀಕ್ ಸ್ಪೈರ್, ಡೇಡ್, ಆ್ಯಬಟ್, ಮಿಲ್ಸ್ ಶಿಖರಗಳಿವೆ. ಎಲ್ಲವೂ 4,000 ಮೀಟರ್ ದಾಟಿದವು.

ಈ ಕೆರೆಗಳ ನೀರು ಬಹಳ ತಿಳಿ. ಬಹಳ ಆಳದ ಕಲ್ಲನ್ನೂ ಬೊಟ್ಟು ಮಾಡಿ ತೋರಿಸಬಹುದು. ತಿಳಿ ಇರುವುದಕ್ಕೆ ಕಾರಣ ಬಡತನ. ಗ್ರಾನೈಟ್ ಬಂಡೆಯ ಮೇಲೆ ಹಿಮ ಕರಗಿ ನಿಂತ ನೀರು ಅದು. ಬಂಡೆ ಬೇಗ ಸವೆಯುವುದಿಲ್ಲ, ನೀರಿಗೆ ಸತ್ವ ಬಿಟ್ಟುಕೊಡುವುದಿಲ್ಲ. ಸತ್ವ ಇಲ್ಲದ ಕಡೆ ಪಾಚಿ ಕಡಿಮೆ, ಪಾಚಿ ಕಡಿಮೆಯಾದ ಕಡೆ ಹುಳ ಹುಪ್ಪಟೆ ಕಡಿಮೆ. ನಡುವಿನ ಆಳದಲ್ಲಿ ಕಣ್ಣಿಗೆ ಕಾಣಿಸದಷ್ಟು ಸಣ್ಣ ಜೀವಿಗಳನ್ನು ಬಿಟ್ಟರೆ ದೊಡ್ಡ ಮೀನಿನ ಹೊಟ್ಟೆ ತುಂಬಿಸುವಂಥದ್ದು ಹೆಚ್ಚೇನಿಲ್ಲ.

ಅಂಚಿನಲ್ಲಿ ಕಥೆ ಬೇರೆ. ಬಿಸಿಲು ತಳ ಮುಟ್ಟುತ್ತದೆ, ನೀರು ಬೇಗ ಬೆಚ್ಚಗಾಗುತ್ತದೆ. ದಡದ ಹುಲ್ಲು, ಉದುರಿದ ಪೈನ್ ಎಲೆ, ಬಿದ್ದ ಮರದ ತೊಗಟೆ ಅಲ್ಲೇ ಕೊಳೆಯುತ್ತದೆ. ಅದರಲ್ಲಿ ಹುಳಗಳ ಸಂಸಾರ. ಮಿಡ್ಜ್ ಅಂತ ಒಂದಿದೆ, ನೋಡಲು ಸೊಳ್ಳೆಯೇ, ಆದರೆ ಕಚ್ಚುವುದಿಲ್ಲ. ಅದರ ಮರಿಹುಳಗಳು ಕೆಸರಿನಲ್ಲಿ ಇರುತ್ತವೆ. ಕ್ಯಾಡಿಸ್ ಎಂಬ ಇನ್ನೊಂದು ಹುಳ ಮರಳು, ಕಡ್ಡಿ ಚೂರುಗಳನ್ನು ಅಂಟಿಸಿ ಸಣ್ಣ ಕೊಳವೆ ಕಟ್ಟಿಕೊಂಡು, ಅದರೊಳಗೇ ಇದ್ದು, ಅದನ್ನೇ ಎಳೆದುಕೊಂಡು ತಿರುಗುತ್ತದೆ. ದಡದಲ್ಲಿ ಸ್ವಲ್ಪ ಹೊತ್ತು ಕೂತರೆ ತಳದಲ್ಲಿ ಒಂದು ಕಡ್ಡಿ ತಾನಾಗಿ ನಡೆದು ಹೋಗುವುದು ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋದರೆ ಮೀನಿಗಿಂತ ಇದನ್ನೇ ಜಾಸ್ತಿ ಹೊತ್ತು ನೋಡುತ್ತಾರೆ.

ಕೆರೆಗೆ ಹೊರಗಿನಿಂದಲೂ ಊಟ ಬರುತ್ತದೆ. ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ಗಾಳಿ ಕೆಳಗಿನ ಕಣಿವೆಯಿಂದ ಮೇಲಕ್ಕೆ ಬೀಸುತ್ತದೆ. ಅದರ ಜೊತೆಗೆ ರೆಕ್ಕೆ ಇರುವೆ, ಜೀರುಂಡೆ, ಮಿಡತೆ ಎಲ್ಲ ತೇಲಿ ಬರುತ್ತವೆ. ಮೇಲಿನ ಚಳಿಗೆ ಮರಗಟ್ಟಿ ನೀರಿಗೆ ಬೀಳುತ್ತವೆ. ಗಾಳಿ ಅವನ್ನು ತಳ್ಳಿ ತಳ್ಳಿ ಒಂದು ದಡಕ್ಕೆ ತಂದು ಗುಡ್ಡೆ ಹಾಕುತ್ತದೆ. ನಾವು ಮಾಮೂಲಿಗೆ ಗಾಳಿಗೆ ಬೆನ್ನು ಕೊಟ್ಟು ಸುಖವಾಗಿ ನಿಲ್ಲುವ ಜಾಗ ಹುಡುಕುತ್ತೇವೆ. ಮೀನು ಇರುವುದು ಗಾಳಿ ಬಂದು ಮುಖಕ್ಕೆ ಹೊಡೆಯುವ ದಡದಲ್ಲಿ. ಎಸೆಯಲು ಕಷ್ಟ, ದಾರ ಸಿಕ್ಕಾಗುತ್ತದೆ, ಕೈ ಮರಗಟ್ಟುತ್ತದೆ. ಆದರೂ ಅಲ್ಲೇ ನಿಲ್ಲಬೇಕು. ಅಲೆ ಎದ್ದಿರುವುದರಿಂದ ಮೀನಿಗೆ ನಾವು ಸರಿಯಾಗಿ ಕಾಣದಿರುವುದು ನಮಗೆ ಸಿಗುವ ಲಾಭ.

ಹೊಳೆಯಲ್ಲಿ ಟ್ರೌಟ್ ಒಂದು ಕಲ್ಲಿನ ಮರೆಯಲ್ಲಿ ನಿಂತಿರುತ್ತದೆ, ಊಟವನ್ನು ನೀರೇ ಹೊತ್ತು ತರುತ್ತದೆ. ಕೆರೆಯಲ್ಲಿ ನೀರು ಹರಿಯುವುದಿಲ್ಲವಲ್ಲ, ಮೀನೇ ಊಟ ಹುಡುಕಿಕೊಂಡು ತಿರುಗಬೇಕು. ಹಾಗಾಗಿ ಅದು ದಡದುದ್ದಕ್ಕೂ ಗಸ್ತು ಹೊಡೆಯುತ್ತದೆ. ತೆಳು ನೀರು ಮುಗಿದು ತಳ ಒಮ್ಮೆಲೇ ಆಳಕ್ಕೆ ಇಳಿಯುವ ಒಂದು ಗೆರೆ ಇರುತ್ತದೆ, ಬಣ್ಣದಲ್ಲೇ ತಿಳಿಯುತ್ತದೆ, ಈಚೆ ಹೊಂಬಣ್ಣ, ಆಚೆ ಹಸಿರು. ಆ ಗೆರೆ ಹಿಡಿದು ಮೀನು ಹೋಗುತ್ತದೆ, ಒಂದು ಬಂಡೆಯವರೆಗೆ ಹೋಗಿ ತಿರುಗುತ್ತದೆ, ಮತ್ತೆ ಬರುತ್ತದೆ. ಅಪಾಯ ಕಂಡರೆ ಆಳಕ್ಕೆ ಜಾರಲು ಎರಡೇ ಬಾಲದ ಹೊಡೆತ ಸಾಕು. ಕೆರೆಗೆ ತೊರೆ ಸೇರುವ ಬಾಯಿ, ಕೆರೆಯಿಂದ ನೀರು ಹೊರಹೋಗುವ ಬಾಯಿ, ಇವೆರಡೂ ಕಡೆ ನೀರಿಗೆ ಸ್ವಲ್ಪ ಓಟ ಇರುವುದರಿಂದ ಅಲ್ಲಿ ನಿಂತು ಕಾಯುವ ಮೀನೂ ಸಿಗುತ್ತದೆ.

ಹಿಮ ಕರಗುವ ಹೊತ್ತು ಇದೆಲ್ಲ ಇನ್ನೂ ಜೋರು. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕೇ ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿದರೂ ತಳದಲ್ಲಿ 4 ಡಿಗ್ರಿಯ ನೀರು ಉಳಿದು ಮೀನು ಬದುಕುತ್ತದೆ. ಬೇಸಿಗೆ ಬಂದಾಗ ಗಡ್ಡೆ ಮೊದಲು ಬಿಡುವುದು ದಡದಲ್ಲಿ, ಬಿಸಿಲಿಗೆ ಕಾದ ಬಂಡೆಗಳ ಪಕ್ಕ. ನಡುವೆ ಇನ್ನೂ ಬಿಳಿ ಹಾಳೆ, ಸುತ್ತ ಒಂದು ಕಪ್ಪು ನೀರಿನ ಉಂಗುರ. ತಿಂಗಳುಗಟ್ಟಲೆ ಹಸಿದ ಮೀನು ಆ ಉಂಗುರದಲ್ಲಿ ಇರುತ್ತದೆ. ಇದು ಯಾವಾಗ ಎಂದು ಕ್ಯಾಲೆಂಡರ್ ನೋಡಿ ಹೇಳಲಾಗದು. ಸಾಮಾನ್ಯ ವರ್ಷಗಳಲ್ಲಿ ಜೂನ್, ಜುಲೈ. ವಿಪರೀತ ಹಿಮ ಬಿದ್ದ 2023ರಲ್ಲಿ ಎತ್ತರದ ಕೆಲವು ಕೆರೆಗಳಲ್ಲಿ ಆಗಸ್ಟ್‌ನಲ್ಲೂ ಗಡ್ಡೆ ತೇಲುತ್ತಿತ್ತು.

ಹಿಡಿಯುವ ವಿಷಯಕ್ಕೆ ಬಂದರೆ, ಅರ್ಧ ಕೆಲಸ ಗಾಳ ಬಿಚ್ಚುವ ಮುಂಚೆಯೇ ಮುಗಿಯುತ್ತದೆ. ನೀರಿನಿಂದ ಒಂದಿಷ್ಟು ಹಿಂದೆ, ಮರದ ಪಕ್ಕವೋ ಬಂಡೆಯ ಪಕ್ಕವೋ ಕೂರುವುದು. ನೀರಿನ ಮೇಲಿನ ಹೊಳಪು ಕತ್ತರಿಸುವ ಪೋಲರೈಸ್ಡ್ ಕನ್ನಡಕ ಹಾಕಿಕೊಳ್ಳುವುದು. ನೋಡುವುದು. ಮೀನು ಎಲ್ಲಿಂದ ಬಂತು, ಎಲ್ಲಿ ತಿರುಗಿತು, ಮತ್ತೆ ಎಷ್ಟು ಹೊತ್ತಿಗೆ ಬಂತು. ಒಮ್ಮೆ ಅದರ ದಾರಿ ಗೊತ್ತಾದರೆ ಅದು ದೂರ ಇರುವಾಗಲೇ ಮುಂದಿನ ಜಾಗಕ್ಕೆ ಗಾಳ ಇಳಿಸಿ ಕಾಯಬಹುದು. ಮೀನಿನ ತಲೆಯ ಮೇಲೆ ಎಸೆದರೆ ಆ ಮೀನು ಆ ದಿನಕ್ಕೆ ಹೋಯಿತು ಅಂತಲೇ ಲೆಕ್ಕ.

ಮೀನಿನ ಕಣ್ಣಿನ ಲೆಕ್ಕವೂ ಗೊತ್ತಿದ್ದರೆ ಒಳ್ಳೆಯದು. ನೀರಿನ ಒಳಗಿನಿಂದ ನೋಡುವಾಗ ಬೆಳಕು ಬಾಗುವುದರಿಂದ ಮೇಲಿನ ಇಡೀ ಲೋಕ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯೊಳಗೆ ಕುಗ್ಗಿ ಕಾಣುತ್ತದೆ. ಎರಡಡಿ ಆಳದಲ್ಲಿರುವ ಮೀನಿಗೆ ಆ ಕಿಂಡಿ ನೀರಿನ ಮೇಲ್ಮೈಯಲ್ಲಿ ನಾಲ್ಕೂವರೆ ಅಡಿ ಅಗಲ. ಎತ್ತರದಲ್ಲಿ ನಿಂತದ್ದು ಕಿಂಡಿಯ ನಡುವಿಗೆ ಹತ್ತಿರವಾಗಿ ಚೆನ್ನಾಗಿ ಕಾಣುತ್ತದೆ. ತಗ್ಗಿ ಕೂತದ್ದು ಕಿಂಡಿಯ ಅಂಚಿಗೆ ಸರಿದು ಚಪ್ಪಟೆಯಾಗಿ, ಮಸುಕಾಗಿ, ಹೆಚ್ಚುಕಡಿಮೆ ಕಾಣಿಸದೆ ಹೋಗುತ್ತದೆ. ಬಂಡೆ ಹತ್ತಿ ನಿಂತವನನ್ನು ಕೆರೆಯ ಅರ್ಧ ಮೀನು ನೋಡಿರುತ್ತದೆ. ಮಂಡಿಯೂರಿ ಕೂತವನಿಗೆ ಮಂಡಿ ನೋವು ಬರುತ್ತದೆ, ಮೀನೂ ಬರುತ್ತದೆ. ಕಾಲು ಸಪ್ಪಳವೂ ಲೆಕ್ಕಕ್ಕೆ ಬರುತ್ತದೆ. ಮೀನಿನ ಮೈಯ ಎರಡೂ ಬದಿಗೆ ನೀರಿನ ಅದುರು ತಿಳಿಯುವ ಒಂದು ಸಾಲು ಇದೆ. ಹುಲ್ಲು ದಟ್ಟವಾಗಿ ಬೆಳೆದ ಮೆತ್ತನೆ ದಡದಲ್ಲಿ ದಪದಪ ನಡೆದರೆ ನೀರಿಗೆ ಸುದ್ದಿ ಮುಟ್ಟುತ್ತದೆ.

ಸಾಮಾನು ಸರಳ. ಹಗುರವಾದ ಸ್ಪಿನ್ನಿಂಗ್ ರಾಡ್, ನಾಲ್ಕು ಪೌಂಡ್ ಎಳೆತ ತಾಳುವ ತೆಳು ದಾರ, ಮೂರು ಮೂರೂವರೆ ಗ್ರಾಂ ತೂಕದ ಒಂದೆರಡು ಸ್ಪಿನ್ನರ್. ಸ್ಪಿನ್ನರ್ ಅಂದರೆ ಎಳೆದಾಗ ಗಿರಗಿರ ತಿರುಗಿ ಮಿಂಚುವ ಸಣ್ಣ ಲೋಹದ ಎಲೆ, ಅದಕ್ಕೊಂದು ಗಾಳ. ಅದನ್ನು ಕೆರೆಯ ಒಳಕ್ಕೆ ಎಸೆಯುವುದಕ್ಕಿಂತ ದಡಕ್ಕೆ ಸಮಾನಾಂತರವಾಗಿ ಎಸೆದು ಎಳೆದುಕೊಂಡರೆ ಅದು ದಾರಿಯುದ್ದಕ್ಕೂ ಮೀನಿರುವ ನೀರಿನಲ್ಲೇ ಇರುತ್ತದೆ. ಒಳಕ್ಕೆ ಎಸೆದರೆ ಕೊನೆಯ ಹತ್ತಡಿ ಮಾತ್ರ ಕೆಲಸಕ್ಕೆ ಬರುತ್ತದೆ, ಆ ಹತ್ತಡಿಯಲ್ಲೇ ಜನ ಅವಸರದಿಂದ ರೀಲು ಸುತ್ತಿಬಿಡುತ್ತಾರೆ.

ಸಂಜೆ ಗಾಳಿ ನಿಂತು ನೀರಿನ ಮೇಲೆ ಮೀನು ಬಾಯಿ ಹಾಕಿದ ಉಂಗುರಗಳು ಏಳತೊಡಗಿದರೆ ಸ್ಪಿನ್ನರ್ ಬಿಚ್ಚಿ ಒಳಗಿಡಬೇಕು. ಆಗ ಬೇಕಾದದ್ದು ಫ್ಲೈ, ಅಂದರೆ ಗಾಳಕ್ಕೆ ಗರಿ ಮತ್ತು ನೂಲು ಸುತ್ತಿ ಮಾಡಿದ ಹುಸಿ ಹುಳ. ಅದಕ್ಕೆ ತೂಕವೇ ಇಲ್ಲ, ಸ್ಪಿನ್ನಿಂಗ್ ರಾಡ್‌ನಿಂದ ಎಸೆಯಲು ಬರುವುದಿಲ್ಲ. ಅದಕ್ಕೊಂದು ಉಪಾಯವಿದೆ. ಬಬಲ್ ಎಂಬ ಪಾರದರ್ಶಕ ಪ್ಲಾಸ್ಟಿಕ್ ಗುಂಡಿನೊಳಗೆ ಅರ್ಧ ನೀರು ತುಂಬಿ ದಾರಕ್ಕೆ ಕಟ್ಟುವುದು, ಅದರಿಂದ ಐದಾರು ಅಡಿ ಹಿಂದೆ ಫ್ಲೈ. ಗುಂಡಿನ ತೂಕಕ್ಕೆ ಎಸೆತ ಹೋಗುತ್ತದೆ, ನೀರಿಗೆ ಬಿದ್ದ ಮೇಲೆ ಅದು ತೇಲುತ್ತಾ ನಿಲ್ಲುತ್ತದೆ. ಫ್ಲೈ ಫಿಶಿಂಗ್‌ನ ಪಂಡಿತರು ಇದನ್ನು ನೋಡಿ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ. ಬೆನ್ನ ಹಿಂದೆ ಪೈನ್ ಮರಗಳಿರುವ ದಡದಲ್ಲಿ ಅವರ ಉದ್ದನೆ ದಾರ ಮರದಲ್ಲಿ ನೇತಾಡುತ್ತಿರುವಾಗ ಬಬಲ್ ಹಾಕಿದವನು ಮೀನು ಎಳೆಯುತ್ತಿರುತ್ತಾನೆ. ಇನ್ನೊಂದು ಮಾತು, ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಳ್ಳಿ. ಬಿಡುವ ಮೀನಿಗೂ ಒಳ್ಳೆಯದು, ನಿಮ್ಮ ಬೆರಳಿಗೂ ಒಳ್ಳೆಯದು. ಹದಿನಾರು ತುಂಬಿದವರಿಗೆ ಲೈಸೆನ್ಸ್ ಕಡ್ಡಾಯ.

ಮಧ್ಯಾಹ್ನ ಮೋಡ ಕಟ್ಟತೊಡಗಿದರೆ ಎಲ್ಲ ಸುತ್ತಿಕೊಂಡು ಕೆಳಗಿಳಿಯಬೇಕು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಗುಡುಗು ಸಿಡಿಲು ಸಾಮಾನ್ಯ. ಮರವಿಲ್ಲದ ಬಯಲು ದಡದಲ್ಲಿ ಗ್ರಾಫೈಟ್ ರಾಡ್ ಎತ್ತಿ ಹಿಡಿದು ನಿಲ್ಲುವಷ್ಟು ದೊಡ್ಡ ಮೀನು ಯಾವ ಕೆರೆಯಲ್ಲೂ ಇಲ್ಲ.

ಇನ್ನು ಊಟ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಅನ್ನಕ್ಕಿಟ್ಟರೆ ಗ್ಯಾಸ್ ಮುಗಿಯುತ್ತದೆ, ಅಕ್ಕಿ ಬೇಯುವುದಿಲ್ಲ. ನಮಗೆ ಅವಲಕ್ಕಿ ಇರುವಾಗ ಅದರ ಗೊಡವೆ ಯಾಕೆ? ನೆನೆಸಿದರೆ ಆಯಿತು. ಮೆಣಸಿನಪುಡಿ, ಹುಣಸೆ, ಉಪ್ಪು, ಅರಿಶಿನ ಕಲಸಿದ ಮಸಾಲೆ ಒಂದು ಸಣ್ಣ ಡಬ್ಬಿಯಲ್ಲಿ, ಒಂದು ಹಿಡಿ ರವೆ ಪೊಟ್ಟಣದಲ್ಲಿ. ಈ ಟ್ರೌಟ್‌ಗಳ ಚರ್ಮದ ಹುರುಪೆ ಎಷ್ಟು ಸಣ್ಣದೆಂದರೆ ಹೆರೆಯುವ ಕೆಲಸವೇ ಇಲ್ಲ. ಹೊಟ್ಟೆ ಸೀಳಿ, ತೊಳೆದು, ಮಸಾಲೆ ಸವರಿ, ರವೆಯಲ್ಲಿ ಹೊರಳಿಸಿ ಕಾವಲಿಗೆ ಹಾಕುವುದು. ಆ ಎತ್ತರದಲ್ಲಿ ಸೌದೆ ಬೆಂಕಿಗೆ ಅವಕಾಶವಿಲ್ಲ, ಸಣ್ಣ ಗ್ಯಾಸ್ ಸ್ಟವ್ ಸಾಕು. ವಾಸನೆಗೆ ಕರಡಿ ಬರದಂತೆ ಉಳಿದದ್ದನ್ನೆಲ್ಲ ಗಟ್ಟಿ ಡಬ್ಬಿಯಲ್ಲಿ ಮುಚ್ಚಿಡಬೇಕು. ಫೋಟೋ ಕಳಿಸಿದರೆ ಕುಂದಾಪುರದಿಂದ ಅಮ್ಮನ ಉತ್ತರ: "ಅಷ್ಟು ದೂರ ನಡೆದು ಹಿಡಿದದ್ದು ಇಷ್ಟೇಯಾ ಮಾರಾಯ? ಬಂಗುಡೆಯಷ್ಟೂ ಇಲ್ಲವಲ್ಲ!"

ಅಮ್ಮ ಹೇಳಿದ್ದು ಸರಿ. ಅದು ಯಾಕೆ ಹಾಗೆ ಎನ್ನುವುದರಲ್ಲೇ ಈ ಕೆರೆಗಳ ಇನ್ನೊಂದು ಕಥೆ ಇದೆ.

ಸಿಯೆರಾದ ಎತ್ತರದ ಕೆರೆಗಳಲ್ಲಿ ಮೊದಲು ಮೀನೇ ಇರಲಿಲ್ಲ. ಹೆಚ್ಚುಕಡಿಮೆ ಒಂದರಲ್ಲೂ ಇರಲಿಲ್ಲ. ಹಿಮನದಿಗಳು ಬಂಡೆಯನ್ನು ಕೊರೆದು ಬಿಟ್ಟುಹೋದ ಗುಂಡಿಗಳೇ ಈ ಕೆರೆಗಳು. ಅವುಗಳಿಗೂ ಕೆಳಗಿನ ಹೊಳೆಗಳಿಗೂ ನಡುವೆ ಜಲಪಾತಗಳು, ಕಡಿದಾದ ಬಂಡೆಗಳು. ಮಲೆನಾಡಿನಲ್ಲಿ ಮೊದಲ ಮಳೆಗೆ ಹತ್ತುಮೀನು ಹಳ್ಳದಿಂದ ಗದ್ದೆಗೆ ಏರಿ ಬಂದಂತೆ ಇಲ್ಲಿ ಏರುವ ಮಾತೇ ಇಲ್ಲ. ಈಗಿರುವ ಮೀನನ್ನೆಲ್ಲ ಮನುಷ್ಯರೇ ಹೊತ್ತು ತಂದು ಬಿಟ್ಟದ್ದು.

ಹೊತ್ತು ತಂದ ರೀತಿಗಳೂ ವಿಚಿತ್ರ. ಕ್ಯಾಲಿಫೋರ್ನಿಯಾ 1947ರಲ್ಲಿ ತನ್ನ ರಾಜ್ಯ ಮೀನು ಎಂದು ಘೋಷಿಸಿದ ಗೋಲ್ಡನ್ ಟ್ರೌಟ್‌ನ ತವರು ಕರ್ನ್ ನದಿಯ ಮೇಲ್ಭಾಗದ ಕೆಲವೇ ತೊರೆಗಳು. 1876ರಲ್ಲಿ ಮಲ್ಕಿ ಕ್ರೀಕ್‌ನಿಂದ ಹದಿಮೂರು ಮೀನುಗಳನ್ನು ಕಾಫಿ ಪಾತ್ರೆಯೊಂದರಲ್ಲಿ ಹಾಕಿಕೊಂಡು ಹೋಗಿ ಕಾಟನ್‌ವುಡ್ ಕ್ರೀಕ್‌ಗೆ ಬಿಟ್ಟರು. ಅವುಗಳ ಸಂತತಿ ಅಲ್ಲಿಂದ ಮೇಲಿನ ಕಾಟನ್‌ವುಡ್ ಕೆರೆಗಳಿಗೆ ಹೋಯಿತು. ಆ ಕೆರೆಗಳ ಮೊಟ್ಟೆಯಿಂದ ಬೆಳೆಸಿದ ಮರಿಗಳು ಆಮೇಲೆ ಬೆಟ್ಟದುದ್ದಕ್ಕೂ ಹರಡಿದವು. ಉಳಿದ ಜಾತಿಗಳು ಹೇಸರಗತ್ತೆಗಳ ಬೆನ್ನ ಮೇಲೆ, ಹಾಲಿನ ಕ್ಯಾನುಗಳಲ್ಲಿ ಬಂದವು. ಎರಡನೇ ಮಹಾಯುದ್ಧದ ನಂತರ ವಿಮಾನವೇ ಬಂತು. ಕೆರೆಯ ಮೇಲೆ ತಗ್ಗಿ ಹಾರುತ್ತಾ ಬೆರಳುದ್ದದ ಮರಿಗಳನ್ನು ನೀರಿನ ಸಮೇತ ಸುರಿದು ಹೋಗುವುದು. ಅಷ್ಟು ಮೇಲಿಂದ ಬಿದ್ದರೂ ಹೆಚ್ಚಿನವು ಬದುಕುತ್ತಿದ್ದವು, ಮೈ ಅಷ್ಟು ಹಗುರ.

ಇವುಗಳಲ್ಲಿ ಗೆದ್ದದ್ದು ಬ್ರೂಕ್ ಟ್ರೌಟ್. ಅದು ಅಮೆರಿಕದ ಪೂರ್ವದ ಮೀನು, ವಂಶದ ಲೆಕ್ಕದಲ್ಲಿ ಟ್ರೌಟ್‌ನ ಹತ್ತಿರದ ನಂಟಾದ ಚಾರ್ ಜಾತಿಯದು. ಚೆಲುವಿನಲ್ಲಿ ಅದನ್ನು ಮೀರಿಸುವುದು ಕಷ್ಟ. ಬೆನ್ನಿನ ಮೇಲೆ ಹುಳ ಹರಿದ ಗೀರು, ಮೈಮೇಲೆ ನೀಲಿ ಉಂಗುರದೊಳಗೆ ಕೆಂಪು ಚುಕ್ಕಿ, ಕೆಳಗಿನ ರೆಕ್ಕೆಗಳಿಗೆ ಅಚ್ಚ ಬಿಳಿಯ ಅಂಚು. ಶರತ್ಕಾಲದಲ್ಲಿ ಗಂಡಿನ ಹೊಟ್ಟೆ ಕೆಂಡದ ಬಣ್ಣಕ್ಕೆ ತಿರುಗುತ್ತದೆ. ಬೇರೆ ಟ್ರೌಟ್‌ಗಳಿಗೆ ಮೊಟ್ಟೆ ಇಡಲು ಹರಿಯುವ ತೊರೆ ಬೇಕು. ಇದಕ್ಕೆ ಕೆರೆಯ ತಳದಲ್ಲಿ ಒರತೆ ಇದ್ದರೂ ನಡೆಯುತ್ತದೆ. ಹೀಗಾಗಿ ಕೆರೆ ತುಂಬ ಮರಿ, ಊಟ ಮಾತ್ರ ಅಷ್ಟೇ. ಮೀನು ಬೆಳೆಯುವುದಿಲ್ಲ. ದೊಡ್ಡ ತಲೆ, ಸಣಕಲು ಮೈ, ಒಂದು ಗೇಣು ಉದ್ದ. ಬನ್ನಿ ಲೇಕ್ ಎಂಬ ಇಲ್ಲಿಯ ಒಂದು ಕೆರೆಗೆ 1951ರಲ್ಲಿ ಬಿಟ್ಟ ಬ್ರೂಕ್ ಟ್ರೌಟ್‌ಗಳನ್ನು ನಾರ್ಮನ್ ರೈಮರ್ಸ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಹಿಂಬಾಲಿಸಿದರು. ಸಾಮಾನ್ಯವಾಗಿ ನಾಲ್ಕೈದು ವರ್ಷ ಬದುಕುವ ಈ ಮೀನು ಅಲ್ಲಿ 24 ವರ್ಷ ಬದುಕಿತು. ಚಳಿ, ಅರೆಹೊಟ್ಟೆ, ಬೆಳವಣಿಗೆಯೇ ಇಲ್ಲ, ಆದರೆ ಸಾವೂ ಇಲ್ಲ. ಅಮ್ಮ ನಕ್ಕ ಗೇಣುದ್ದದ ಮೀನು ಮರಿಯಾಗಿರಬೇಕಿಲ್ಲ, ಸಾಕಷ್ಟು ವಯಸ್ಸಾದದ್ದೇ ಇರಬಹುದು.

ಹಾಗಾದರೆ ಮೀನಿಲ್ಲದ ಕಾಲದಲ್ಲಿ ಅಂಚಿನ ಆ ಬೆಚ್ಚಗಿನ ನೀರು, ಆ ಹುಳಗಳು, ಆ ಊಟ ಯಾರ ಪಾಲಾಗಿತ್ತು? ಕಪ್ಪೆಗಳ ಪಾಲು. ಸಿಯೆರಾ ನೆವಾಡಾದ ಹಳದಿ ಕಾಲಿನ ಕಪ್ಪೆ. 1910ರ ದಶಕದಲ್ಲಿ ಯೊಸೆಮಿಟಿಯ ಪ್ರಾಣಿಗಳ ಸಮೀಕ್ಷೆ ನಡೆಸಿದ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ ಅಲ್ಲಿ ಅತಿ ಹೆಚ್ಚು ಕಂಡ ಕಪ್ಪೆ ಇದೇ ಎಂದು ಬರೆದಿದ್ದರು. ಮೀನಿರುವ ಕೆರೆಯಲ್ಲಿ ಇದು ಇರುವುದಿಲ್ಲ ಎಂಬುದೂ ಆಗಲೇ ಅವರ ಕಣ್ಣಿಗೆ ಬಿದ್ದಿತ್ತು. ಕೇಳುವವರು ಇರಲಿಲ್ಲ ಅಷ್ಟೇ.

ಈ ಕಪ್ಪೆಯ ಕಷ್ಟ ಅದರ ಬಾಲ್ಯದಲ್ಲಿದೆ. ನಮ್ಮ ಗದ್ದೆಯ ಗೊದಮೊಟ್ಟೆ ಕೆಲವು ವಾರಗಳಲ್ಲಿ ಕಾಲು ಮೂಡಿಸಿಕೊಂಡು ಹಾರಿಹೋಗುತ್ತದೆ. ಅಷ್ಟು ಚಳಿಯಲ್ಲಿ ಇದರ ಗೊದಮೊಟ್ಟೆಗೆ ಎರಡು ಮೂರು ವರ್ಷ ಬೇಕು. ಅಷ್ಟೂ ಚಳಿಗಾಲ ತಳದವರೆಗೆ ಹೆಪ್ಪುಗಟ್ಟದ ಆಳದ ಕೆರೆಯೇ ಬೇಕು. ಮೀನು ಬದುಕುವುದೂ ಅಂಥ ಕೆರೆಯಲ್ಲೇ. ಹಗಲಿನಲ್ಲಿ ಗೊದಮೊಟ್ಟೆಗಳು ಬೆಚ್ಚಗಿರಲೆಂದು ದಡದ ತೆಳು ನೀರಿಗೆ ಬರುತ್ತವೆ, ರಾಶಿ ರಾಶಿಯಾಗಿ. ಮೀನು ಗಸ್ತು ಹೊಡೆಯುವುದು ಅಲ್ಲೇ. ಬೇರೆ ಜಾಗ ಇಬ್ಬರಿಗೂ ಇಲ್ಲ.

ಕಪ್ಪೆ ಹೋದ ಮೇಲೆ ಅದನ್ನು ತಿನ್ನುವ ಹಾವು ಕಡಿಮೆಯಾಯಿತು. ನೀರಿನಿಂದ ಏಳುವ ಮೇಫ್ಲೈ ಹುಳಗಳನ್ನು ಅವು ಮರಿಯಾಗಿರುವಾಗಲೇ ಟ್ರೌಟ್ ತಿಂದು ಮುಗಿಸುವುದರಿಂದ, ಆ ಹುಳವನ್ನೇ ನೆಚ್ಚಿದ ರೋಸಿ ಫಿಂಚ್ ಹಕ್ಕಿ ಮೀನಿರುವ ಕೆರೆಯ ಹತ್ತಿರ ಅಷ್ಟಾಗಿ ಬರುವುದಿಲ್ಲ. ಇದೆಲ್ಲ ಸಾಲದು ಎಂಬಂತೆ ಕೈಟ್ರಿಡ್ ಶಿಲೀಂಧ್ರದ ರೋಗ ಬಂದು ಉಳಿದಿದ್ದ ಕಪ್ಪೆಗಳನ್ನೂ ಕೆರೆಗೆ ಕೆರೆಯೇ ಖಾಲಿ ಮಾಡಿತು. ಒಂದು ಕಾಲದಲ್ಲಿದ್ದ ಜಾಗಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಕಡೆ ಈ ಕಪ್ಪೆ ಇಲ್ಲವಾಯಿತು. 2014ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು.

ಇದನ್ನು ಓದುವಾಗ ನನಗೆ ಕಾವೇರಿ ನೆನಪಾಗುತ್ತದೆ. ಅಲ್ಲಿಯ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಬಿಳಿ ಮೀನು, ಮಹಶೀರ್, ಜಗತ್ತಿನ ದೊಡ್ಡ ಗಾಳದ ಮೀನುಗಳಲ್ಲಿ ಒಂದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತ್ತು. ಮುಂದೆ ಮಹಶೀರ್ ಕಡಿಮೆಯಾಗುತ್ತಿದೆ ಎಂದು ಒಳ್ಳೆಯ ಮನಸ್ಸಿನಿಂದಲೇ ಲೋನಾವಳಾದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಇನ್ನೊಂದು ಜಾತಿಯ ಮರಿಗಳನ್ನು ಕಾವೇರಿಗೆ ತಂದು ಬಿಟ್ಟರು. ಹೊರಗಿನದು ಹೆಚ್ಚಿತು, ಊರಿನದು ಕಾಣೆಯಾಗತೊಡಗಿತು. ಗೂನು ಬೆನ್ನಿನದಕ್ಕೆ ವಿಜ್ಞಾನದ ಸರಿಯಾದ ಹೆಸರು ಯಾವುದೆಂದು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅದು ಅತಿ ಹೆಚ್ಚು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಎರಡೂ ಕಡೆ ಮೀನು ಬಿಟ್ಟವರು ಕೆಟ್ಟವರೇನಲ್ಲ. ನೀರು ಖಾಲಿ ಇದೆ, ತುಂಬಿಸೋಣ ಅಂದುಕೊಂಡವರು.

ಸಿಯೆರಾದಲ್ಲಿ ಈಗ ಉಲ್ಟಾ ಕೆಲಸ ನಡೆಯುತ್ತಿದೆ. ಯೊಸೆಮಿಟಿಯಲ್ಲಿ ಮೀನು ಬಿಡುವುದನ್ನು 1991ರಲ್ಲೇ ನಿಲ್ಲಿಸಿದರು. ವ್ಯಾನ್ಸ್ ವ್ರೆಡನ್‌ಬರ್ಗ್ ಎಂಬ ವಿಜ್ಞಾನಿ ಕೆಲವು ಕೆರೆಗಳಿಂದ ಬಲೆ ಹಾಕಿ ಟ್ರೌಟ್‌ಗಳನ್ನು ತೆಗೆದು ನೋಡಿದರು. ಕೆಲವೇ ವರ್ಷಗಳಲ್ಲಿ ಅಲ್ಲಿ ಕಪ್ಪೆ ತುಂಬಿಕೊಂಡಿತು. 2004ರಲ್ಲಿ ಅದು ಪ್ರಕಟವಾಯಿತು. ಸೆಕೋಯಾ ಮತ್ತು ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನಗಳಲ್ಲಿ 2001ರಿಂದ ಕೆಲವು ಕೆರೆಗಳ ಮೀನನ್ನು ಖಾಲಿ ಮಾಡುತ್ತಾ ಬಂದಿದ್ದಾರೆ. ರೋಲಂಡ್ ನ್ಯಾಪ್ ಮತ್ತು ಜೊತೆಯವರು ರೋಗವನ್ನು ತಾಳಿಕೊಂಡು ಉಳಿದ ಕಪ್ಪೆಗಳನ್ನು ಹಿಡಿದು ಯೊಸೆಮಿಟಿಯ ಕಪ್ಪೆ ಖಾಲಿಯಾದ ಕೆರೆಗಳಿಗೆ ಬಿಡುತ್ತಿದ್ದಾರೆ. ಹಲವು ಕಡೆ ಅವು ನೆಲೆಯೂರಿ ಮರಿ ಮಾಡಿವೆ.

ಮಂಡ್ಯದ ನನ್ನ ಗೆಳೆಯ, ಮೀನು ಹಿಡಿಯಲು ಜೊತೆಗೆ ಬರುವವನು, ಇದರ ಬಗ್ಗೆ ಮಾತು ಬಂದಾಗಲೆಲ್ಲ ರೇಗುತ್ತಾನೆ. "ಅಲ್ಲ ಕಣೋ, ಕೆರೆಯಿಂದ ಮೀನು ತೆಗೀಬೇಕು ಅಂತೀಯಾ, ಆಮೇಲೆ ಗಾಳ ಹೊತ್ಕೊಂಡು ಅದೇ ಕೆರೆಗೆ ಹೋಗ್ತೀಯಾ. ಯಾವ್ದಾದ್ರೂ ಒಂದು ಹೇಳು." ನಾನು ಎರಡನ್ನೂ ಹೇಳುತ್ತೇನೆ. ಮೀನಿರುವ ಸಾವಿರಾರು ಕೆರೆಗಳಲ್ಲಿ ಬಲೆ ಬೀಳುತ್ತಿರುವುದು ಸಣ್ಣ ಪಾಲಿಗೆ ಮಾತ್ರ. ಲಿಟಲ್ ಲೇಕ್ಸ್ ವ್ಯಾಲಿಯಂಥ ಜನ ಓಡಾಡುವ ಕಣಿವೆಯಲ್ಲಿ ನಮ್ಮ ಆಸೆ ತೀರುವಷ್ಟು ಮೀನು ನಮ್ಮ ಮಕ್ಕಳ ಕಾಲಕ್ಕೂ ಇರುತ್ತದೆ. ದಾರಿಯಿಲ್ಲದ, ಎರಡು ದಿನ ನಡೆದರೆ ಮಾತ್ರ ಸಿಗುವ ಕೆರೆಗಳು ಕಪ್ಪೆಗೇ ಇರಲಿ. ಮತ್ತೆ ಹಿಡಿದ ಮೀನನ್ನೆಲ್ಲ ಮುತ್ತಿಟ್ಟು ಬಿಡುವುದೇ ಪುಣ್ಯ ಎಂಬ ಮಾತು ಇಲ್ಲಿನ ಬ್ರೂಕ್ ಟ್ರೌಟ್‌ಗೆ ಒಪ್ಪುವುದಿಲ್ಲ. ಕಿಕ್ಕಿರಿದ ಕೆರೆಯಿಂದ ನಿಯಮ ಒಪ್ಪಿದಷ್ಟು ತೆಗೆದು ತಿಂದರೆ ಉಳಿದ ಮೀನಿಗೂ ಸ್ವಲ್ಪ ಊಟ ಸಿಗುತ್ತದೆ. ಮಸಾಲೆ ಡಬ್ಬಿ ಒಯ್ಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೇ?

ಅವನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಕಪ್ಪೆಯ ಪರವಾಗಿ ಅವನು ಮಾಡುವುದು ಒಂದೇ. ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಒದ್ದೆ ಶೂಗಳನ್ನು ಬಿಸಿಲಿಗಿಟ್ಟು ಚೆನ್ನಾಗಿ ಒಣಗಿಸುತ್ತಾನೆ, ರೋಗ ನೀರಿನ ಜೊತೆ ಹೋಗುತ್ತದೆ ಎಂದು ಎಲ್ಲೋ ಓದಿದ ಮೇಲೆ. ನನಗಿಂತ ಶ್ರದ್ಧೆಯಿಂದ ಮಾಡುತ್ತಾನೆ.

ಗುರುತಿಲ್ಲದ ಹೊಸ ಕೆರೆಗೆ ಹೋದಾಗ ನಾವಿಬ್ಬರೂ ಈಗ ಮೊದಲು ದಡದ ಬಿಸಿಲು ಬಿದ್ದ ತೆಳು ನೀರನ್ನು ನೋಡುತ್ತೇವೆ. ಕಪ್ಪನೆ ಗೊದಮೊಟ್ಟೆಗಳು ಕಂಡರೆ, ದೊಡ್ಡ ದೊಡ್ಡ ನೀರುಹುಳಗಳು ಹೆದರಿಕೆಯಿಲ್ಲದೆ ಬಯಲಲ್ಲೇ ಈಜುತ್ತಿದ್ದರೆ, ರಾಡ್ ಚೀಲದಿಂದ ಹೊರಗೆ ಬರುವುದಿಲ್ಲ. ಅಂಥ ಕೆರೆಯಲ್ಲಿ ಗಾಳ ಹಾಕಿದರೂ ಸಿಗುವುದು ಏನೂ ಇಲ್ಲ. ಅವಲಕ್ಕಿ ನೆನೆಸಿ, ತಿಂದು, ಮುಂದಿನ ಕೆರೆಗೆ ಹೊರಡುತ್ತೇವೆ.